ಏಪ್ರಿಲ್ ಕೊನೆಗೆ ಇಬ್ಬರೂ ಊರಲ್ಲಿ ಇರಲ್ಲ: ಟೆರೇಸ್ ಮೇಲಿನ 24 ಗ್ರೋ ಬ್ಯಾಗಿಗೆ 12 ದಿನ ನೀರು ಹೇಗೆ?

ಮಾಳಿಗೆ ತೋಟ (ದಾವಣಗೆರೆ)
ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಕೊನೆಗೆ ನಾನು, ನಮ್ಮ ಮನೆಯವರು ಕೇದಾರಕ್ಕೆ ಹೊರಡೋ ಯೋಚನೆ. ಹೋಗಿ ಬರೋಕೆ 12 ದಿನ. ಟೆರೇಸ್ ಮೇಲೆ 12×12 ಇಂಚಿನ 24 ಗ್ರೋ ಬ್ಯಾಗ್ ಇವೆ: ಬದನೆ 6, ಬೆಂಡೆ 6, ಮೆಣಸಿನಕಾಯಿ 4, ಟೊಮೇಟೊ 4, ಹೀರೆ 2, ಹಾಗಲ 2. ಬೆಂಡೆ, ಹೀರೆ, ಹಾಗಲ ಇನ್ನೂ ಬಿತ್ತಿಲ್ಲ. ನೀರು ಬೋರ್‌ದು, ಗಡಸು. ಪಕ್ಕದ ಮನೆಯವರೂ ರಜಕ್ಕೆ ಊರಿಗೆ ಹೋಗ್ತಾರೆ. ಬಾಟಲಿ ಬೋರಲು ಹಾಕೋದು, ಬತ್ತಿ, ಡ್ರಿಪ್, ಹೈಡ್ರೋಜೆಲ್ (ನೀರು ಹೀರಿ ಉಬ್ಬೋ ಹರಳು) ಎಲ್ಲಾನೂ ವಿಡಿಯೋದಲ್ಲಿ ಚೆಂದ ಕಾಣ್ತವೆ. ನಮ್ಮ ಬಿಸಿಲಿಗೆ ಯಾವುದು ತಡೆಯುತ್ತೆ?

ಹನಿಪೈಪು
ಸಾಮಾನು ತರೋ ಮುಂಚೆ ಲೀಟರ್ ಲೆಕ್ಕ ಹಾಕಿ. ಬಹಳ ಜನ ಡ್ರಿಪ್ಪರ್ (ಹನಿ ಬಿಡೋ ಮೂತಿ) ಬಗ್ಗೆ ತಲೆ ಕೆಡಿಸಿಕೊಳ್ತಾರೆ, ಆದರೆ ಕೈಕೊಡೋದು ಟ್ಯಾಂಕು.

12×12 ಬ್ಯಾಗಿಗೆ ಸುಮಾರು 20 ಲೀಟರ್ ಮಣ್ಣಿನ ಮಿಶ್ರಣ ಹಿಡಿಯುತ್ತೆ. ಪೂರ್ತಿ ನೆನೆಸಿದರೂ ಗಿಡಕ್ಕೆ ಸಲೀಸಾಗಿ ಸಿಗೋ ನೀರು ಅದರಲ್ಲಿ ನಾಲ್ಕೈದು ಲೀಟರ್ ಅಷ್ಟೇ. 38 ಡಿಗ್ರಿ ಬಿಸಿಲಲ್ಲಿ ಮೈತುಂಬ ಎಲೆ ಇರೋ ಬದನೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಕುಡಿಯುತ್ತೆ. ಅಂದರೆ ಮೂರನೇ ದಿನಕ್ಕೆ ಬಾಡೋಕೆ ಶುರು. 24 ಬ್ಯಾಗಿಗೆ ಒಂದೂವರೆ ಲೀಟರಿನಂತೆ 12 ದಿನಕ್ಕೆ 432 ಲೀಟರ್. ಶೇಡ್ ನೆಟ್ ಕಟ್ಟಿ, ಮಣ್ಣಿನ ಮೇಲೆ ಸಿಪ್ಪೆ, ಹೊಟ್ಟಿನ ಮುಚ್ಚಿಗೆ ಹಾಕಿ, ಗಿಡ ಸವರಿ ಹೋದರೆ ಒಂದು ಲೀಟರಿಗೆ ಇಳಿಸಬಹುದು: 288 ಲೀಟರ್. ಅದರ ಮೇಲೆ ಕಾಲು ಭಾಗ ಹೆಚ್ಚಿಗೆ ಇಟ್ಟುಕೊಂಡರೆ 360. ಹಾಗಾಗಿ 200 ಲೀಟರಿನ ನೀಲಿ ಡ್ರಮ್ ಎರಡು ಬೇಕೇ ಬೇಕು.

ಎರಡು ಡ್ರಮ್ ಅಂದರೆ 400 ಕೆ.ಜಿ. ಸ್ಲ್ಯಾಬಿನ ನಡುಮಧ್ಯೆ ಇಡಬೇಡಿ. ಕೆಳಗೆ ಗೋಡೆ ಅಥವಾ ಬೀಮ್ ಇರೋ ಮೂಲೆ ನೋಡಿ ಇಡಿ.

ಎರೆಮಣ್ಣು (ಹರಿಹರ)
ಬಾಟಲಿ ವಿಷಯ ಮರೆತುಬಿಡ್ರಿ. ಬೋರಲು ಹಾಕಿದ ಬಾಟಲಿಯೊಳಗೆ ಗಾಳಿ ಇರ್ತದ. ಬಿಸಿಲು ಏರಿದಂಗೆ ಆ ಗಾಳಿ ಹಿಗ್ಗಿ ನೀರನ್ನ ಹೊರಗೆ ದಬ್ಬತದ. ಮಧ್ಯಾಹ್ನದೊಳಗೆ ಬಾಟಲಿ ಖಾಲಿ, ನೀರು ಬ್ಯಾಗಿನ ತಳದಿಂದ ಸ್ಲ್ಯಾಬಿಗೆ. ಇಲ್ಲಾಂದ್ರೆ ಬಾಯಿಗೆ ಮಣ್ಣು ಮೆತ್ತಿ ಒಂದು ಹನಿನೂ ಇಳಿಯಲ್ಲ. ಒಂದೇ ಸಾಲಿನಾಗ ಎರಡೂ ಆಗ್ತಾವ.

ಹೈಡ್ರೋಜೆಲ್ ಕೆಟ್ಟದ್ದಲ್ಲ, ಆದರೆ ಅದು ಉಬ್ಬೋದು ಮಳೆನೀರಿನಾಗ. ಗಡಸು ನೀರಿನ ಸುಣ್ಣದ ಅಂಶ ಅದನ್ನ ಉಬ್ಬಗೊಡಲ್ಲ. ಪ್ಯಾಕೆಟ್ ಮೇಲೆ ಬರೆದಿದ್ದನ್ನ ನಂಬಿ ನಿಮ್ಮ ಬೋರ್ ನೀರಿಗೆ ಹಾಕಿದ್ರೆ ಕಾಲು ಭಾಗನೂ ಹಿಡಿಯೋದು ಕಷ್ಟ. ಒಂದು ಚಮಚ ಲೋಟಕ್ಕೆ ಹಾಕಿ, ನಿಮ್ಮ ನೀರು ಒಂದರಾಗ, ಫಿಲ್ಟರ್ ನೀರು ಇನ್ನೊಂದರಾಗ, ರಾತ್ರಿ ಇಟ್ಟು ನೋಡ್ರಿ. ಬೆಳಿಗ್ಗೆ ಗೊತ್ತಾಗ್ತದ.

ಇನ್ನೊಂದು ಮಾತು: ಬ್ಯಾಗಿಗೆ ಎರೆಮಣ್ಣು ಎಷ್ಟು ಹಾಕಿದೀರಿ? ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚಿದ್ರೆ ಒಣಗಿದಾಗ ಕುಗ್ಗಿ ಬ್ಯಾಗಿನ ಅಂಚು ಬಿಡತದ. ಆಮೇಲೆ ಹನಿಸಿದ ನೀರೆಲ್ಲ ಆ ಸಂದಿನಾಗ ಇಳಿದು ಹೋಗತದ, ಬೇರಿಗೆ ಸಿಗಲ್ಲ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಜಾಸ್ತಿ ಇದ್ರೂ ಇದೇ ಕಥೆ, ಒಂದು ಸಲ ಪೂರ್ತಿ ಒಣಗಿದ ಮೇಲೆ ಅದು ನೀರನ್ನ ಒಳಗೆ ಬಿಟ್ಟುಕೊಳ್ಳಲ್ಲ. ಅದಕ್ಕೇ ಹೊರಡೋ ದಿನ ಬ್ಯಾಗ್ ಪೂರ್ತಿ ನೆಂದಿರಬೇಕು: ಅರ್ಧ ಗಂಟೆ ಬಿಟ್ಟು ಬಿಟ್ಟು ಮೂರು ಸಲ ನೀರು ಕೊಡ್ರಿ, ತಳದಿಂದ ಸೋರೋವರೆಗೂ.

ಕೋಟೆ ಕೈತೋಟ (ಚಿತ್ರದುರ್ಗ)
ನೀರಿಗಿಂತ ಮುಂಚೆ ತೀರ್ಮಾನ ಆಗಬೇಕಾದ್ದು ಬಿತ್ತನೆಯ ದಿನ. ನನ್ನ ಪ್ರಕಾರ ಇಡೀ ಸಮಸ್ಯೆಯ ಅರ್ಧ ಅಲ್ಲೇ ಬಗೆಹರಿಯುತ್ತದೆ.

ಕೇದಾರದ ಬಾಗಿಲು ತೆರೆಯುವ ದಿನವನ್ನು ಶಿವರಾತ್ರಿಯಂದು ಊಖೀಮಠದ ಓಂಕಾರೇಶ್ವರ ದೇವಸ್ಥಾನದಲ್ಲಿ ಪ್ರಕಟಿಸುತ್ತಾರೆ. ಬದರಿಯದ್ದು ವಸಂತ ಪಂಚಮಿಗೇ ಗೊತ್ತಾಗುತ್ತದೆ. ಗಂಗೋತ್ರಿ, ಯಮುನೋತ್ರಿ ಅಕ್ಷಯ ತೃತೀಯಕ್ಕೆ. (ಕೇದಾರದ ರಾವಲರು, ಅಂದರೆ ಅಲ್ಲಿನ ಮುಖ್ಯ ಅರ್ಚಕರು, ನಮ್ಮ ಕರ್ನಾಟಕದ ವೀರಶೈವ ಪರಂಪರೆಯವರು, ಹಾಗಾಗಿ ಈ ಭಾಗದ ಮಠಗಳಲ್ಲಿ ವಿಚಾರಿಸಿದರೂ ದಿನ ತಿಳಿಯುತ್ತದೆ.) ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಅಂದರೆ ಟಿಕೆಟ್ ತೆಗೆಯುವ ದಿನ ನಿಮಗೆ ಹೊರಡುವ ದಿನ ಖಚಿತ, ಕೈಯಲ್ಲಿ ಎರಡು ತಿಂಗಳಿದೆ.

ಆ ದಿನ ಬೆಂಡೆ ಬಿತ್ತಿದರೆ ಏನಾಗುತ್ತದೆ ನೋಡಿ. ಬೆಂಡೆ 45ರಿಂದ 50 ದಿನಕ್ಕೆ ಕೊಯ್ಲಿಗೆ ಬರುತ್ತದೆ. ಹತ್ತು ದಿನ ಕೊಯ್ದು, ಗಿಡ ಮೈದುಂಬಿ ಬಿಡುವ ಹೊತ್ತಿಗೆ ಸರಿಯಾಗಿ ನೀವು ರೈಲು ಹತ್ತುತ್ತೀರಿ. ಬೆಂಡೆ ದಿನ ಬಿಟ್ಟು ದಿನ ಕೊಯ್ಯಬೇಕಾದ ಬೆಳೆ. ನಾಲ್ಕೈದು ದಿನ ಬಿಟ್ಟರೆ ನಾರಾಗಿ, ಗಿಡ ಬೀಜ ಕಟ್ಟುವುದಕ್ಕೆ ತಿರುಗಿ ಹೂ ನಿಲ್ಲಿಸುತ್ತದೆ. ಹೀರೆಗೆ 50ರಿಂದ 60, ಹಾಗಲಕ್ಕೆ 55ರಿಂದ 60 ದಿನ, ಅವೂ ಅದೇ ಗಂಡಾಂತರದಲ್ಲಿ ಬೀಳುತ್ತವೆ.

ಇನ್ನೂ ಬಿತ್ತಿಲ್ಲ ಅಂದಿದ್ದೀರಿ, ಒಳ್ಳೆಯದೇ ಆಯಿತು. ಎರಡು ದಾರಿ ಇವೆ. ಬೆಂಡೆಯನ್ನು ಈ ವಾರವೇ ಬಿತ್ತಿ, ಹೊರಡುವ ಹೊತ್ತಿಗೆ ತಿಂಗಳು ಕೊಯ್ದು ಮುಗಿಸಿ ಕಿತ್ತು ಹಾಕಿ. ಇಲ್ಲವೇ ಆರು ಬ್ಯಾಗನ್ನೂ ಖಾಲಿ ಬಿಟ್ಟು ಬಂದ ಮೇಲೆ ಬಿತ್ತಿ, ಆಗ ಮಳೆಯೂ ಶುರುವಾಗಿರುತ್ತದೆ. ಖಾಲಿ ಬ್ಯಾಗಿಗೆ ನೀರೇ ಬೇಡ, 24ರಲ್ಲಿ ಆರು ಲೆಕ್ಕದಿಂದಲೇ ಹೋದವು. ಟಿಕೆಟ್ ದಿನ ಬಿತ್ತಲೇಬೇಕು ಅನ್ನಿಸಿದರೆ ಮೆಂತ್ಯ (25ರಿಂದ 30 ದಿನ), ದಂಟು (ಅಷ್ಟೇ), ಮೂಲಂಗಿ (40ರಿಂದ 45) ಹಾಕಿ. ಹೊರಡುವ ಮುಂಚೆ ಎಲ್ಲ ಅಡುಗೆಮನೆ ಸೇರಿರುತ್ತವೆ. ಕೊತ್ತಂಬರಿ ಬೇಡ, ಮಾರ್ಚ್ ಬಿಸಿಲಿಗೆ ಎಲೆ ಬಿಡುವ ಮುಂಚೆ ಹೂವಿಗೆ ಹೋಗುತ್ತದೆ.

ಹೊರಡುವ ಹಿಂದಿನ ವಾರ ಮಾತ್ರ ಯಾವ ಬೀಜವನ್ನೂ ಊರಬೇಡಿ. ಎಳೆ ಸಸಿಗೆ ಒಂದು ಮಧ್ಯಾಹ್ನ ನೀರು ತಪ್ಪಿದರೂ ಮುಗಿಯಿತು.

ಬಯಲುಸೀಮೆ ಅಕ್ಕ
ಟೊಮೇಟೊ ಬಗ್ಗೆ ಯಾರೂ ಹೇಳಲಿಲ್ಲ. ಹಗಲು 35 ಡಿಗ್ರಿ ದಾಟಿ ರಾತ್ರಿಯೂ ತಂಪಾಗದಿದ್ದರೆ ಟೊಮೇಟೊ ಹೂ ಉದುರುತ್ತೆ, ಕಾಯಿ ಕಟ್ಟಲ್ಲ. ಏಪ್ರಿಲ್‌ನಲ್ಲಿ ದಾವಣಗೆರೆ ಟೆರೇಸ್ ಮೇಲೆ ಅದಕ್ಕೆ ನೀರು ಕೊಡೋದು ಎಲೆಗೆ ಕೊಟ್ಟ ಹಾಗೆ. ಇರೋ ಕಾಯಿ ಬಿಡಿಸಿ, ಬಣ್ಣ ತಿರುಗಿದ್ದು ಮನೆಯೊಳಗೆ ಹಣ್ಣಾಗುತ್ತೆ, ಗಿಡ ಕಿತ್ತು ಕಾಂಪೋಸ್ಟಿಗೆ ಹಾಕಿ. ಇನ್ನು ನಾಲ್ಕು ಬ್ಯಾಗ್ ಕಡಿಮೆ.

ಬದನೆಗೆ ಮಾತ್ರ ಈ ಪ್ರವಾಸದಿಂದ ಲಾಭವೇ. ಹೊರಡೋಕೆ ಎಂಟು ದಿನ ಮುಂಚೆ ಬುಡದಿಂದ ಒಂದಡಿ ಬಿಟ್ಟು ಮೇಲಿನದನ್ನೆಲ್ಲ ಚೂಪು ಕತ್ತರಿಯಿಂದ ಸವರಿ. ಪ್ರತಿ ಕೊಂಬೆಗೆ ಮೂರು ನಾಲ್ಕು ಎಲೆ ಇರಲಿ, ಬೋಳು ಮಾಡಿದರೆ ಕಾಂಡಕ್ಕೆ ಬಿಸಿಲು ಬಡಿದು ಸೀಳುತ್ತೆ. ಎಲೆ ಕಡಿಮೆಯಾದರೆ ಕುಡಿಯೋ ನೀರೂ ಅರ್ಧಕ್ಕೆ ಬರುತ್ತೆ. ವಾಪಸ್ ಬರೋ ಹೊತ್ತಿಗೆ ಹೊಸ ಚಿಗುರು ಒಡೆದಿರುತ್ತೆ, ಸವರಿ ಒಂದೂವರೆ ತಿಂಗಳಿಗೆ ಮತ್ತೆ ಕಾಯಿ.

ಮೆಣಸಿನಗಿಡ ಹೀಗೆ ಸವರಬೇಡಿ, ತುದಿ ಮಾತ್ರ ಚಿವುಟಿ. ಅದಕ್ಕೆ ಈ ಕಾಲದ ಶತ್ರು ಥ್ರಿಪ್ಸ್, ನುಸಿ, ಎರಡೂ ಎಲೆಯ ರಸ ಹೀರೋ ಸಣ್ಣ ಹುಳು. ಎಲೆ ಮೇಲಕ್ಕೆ ದೋಣಿ ಹಾಗೆ ಮಡಚಿದರೆ ಥ್ರಿಪ್ಸ್, ಕೆಳಕ್ಕೆ ಮಡಚಿದರೆ ನುಸಿ. ಒಣ ಹವೆ, ಧೂಳು ಎರಡೂ ಸೇರಿದರೆ 12 ದಿನದಲ್ಲಿ ಗಿಡ ಪೂರ್ತಿ ಮುದುಡಿ ಕೂರುತ್ತೆ. ಹೊರಡೋಕೆ ಹತ್ತು ದಿನ ಮುಂಚೆ ಒಂದು ಸಲ, ನಾಲ್ಕು ದಿನ ಮುಂಚೆ ಇನ್ನೊಂದು ಸಲ: ಲೀಟರ್ ನೀರಿಗೆ ಬೇವಿನೆಣ್ಣೆ 5 ಮಿ.ಲೀ., ಸೋಪಿನ ದ್ರಾವಣ 2 ಮಿ.ಲೀ. ಮೊದಲು ಎಣ್ಣೆಯನ್ನ ಸೋಪಿಗೆ ಬೆರೆಸಿ, ಆಮೇಲೆ ನೀರಿಗೆ. ಎಲೆಯ ಅಡಿಗೆ ಬೀಳಬೇಕು, ಸಂಜೆ ಆರರ ಮೇಲೆ ಮಾತ್ರ ಹೊಡೀಬೇಕು. ಬಿಸಿಲಲ್ಲಿ ಹೊಡೆದರೆ ಎಲೆ ಸುಟ್ಟು ಬೂದಿ ಬಣ್ಣ ತಿರುಗುತ್ತೆ.

ಗೊಬ್ಬರ, ಜೀವಾಮೃತ ಯಾವುದನ್ನೂ ಕೊನೆ ಹತ್ತು ದಿನ ಕೊಡಬೇಡಿ. ಎಳೆ ಚಿಗುರು ಬಂದರೆ ನೀರೂ ಹೆಚ್ಚು ಕುಡಿಯುತ್ತೆ, ಹುಳುವನ್ನೂ ಕರೆಯುತ್ತೆ.

ಶೇಂಗಾ ಸೀಮೆ (ಚಳ್ಳಕೆರೆ)
ಮುಚ್ಚಿಗೆಗೆ ದುಡ್ಡು ಕೊಟ್ಟು ಏನೂ ತರಬೇಕಾಗಿಲ್ಲ. ನಮ್ಮ ಕಡೆ ಶೇಂಗಾ ಸಿಪ್ಪೆ, ದಾವಣಗೆರೆ ಸುತ್ತ ಮೆಕ್ಕೆಜೋಳದ ಸಿಪ್ಪೆ, ರೈಸ್ ಮಿಲ್ಲಿನ ಭತ್ತದ ಹೊಟ್ಟು, ಚನ್ನಗಿರಿ ಹೊಳಲ್ಕೆರೆ ಕಡೆ ಅಡಿಕೆ ಸಿಪ್ಪೆ. ಎರಡರಿಂದ ಮೂರು ಇಂಚು ದಪ್ಪ, ಕಾಂಡದ ಸುತ್ತ ಎರಡು ಇಂಚು ಬಿಟ್ಟು.

ಆದರೆ ಒಂದೊಂದಕ್ಕೂ ಒಂದೊಂದು ರೋಗ. ಭತ್ತದ ಹೊಟ್ಟು ಒಂದು ಗಾಳಿಗೆ ಹಾರಿ ಟೆರೇಸಿನ ತೂಬಿಗೆ ಸೇರುತ್ತೆ. ಶೇಂಗಾ ಸಿಪ್ಪೆಯಲ್ಲಿ ಕಾಳು ಉಳಿದಿದ್ದರೆ ಇಲಿ ಬರುತ್ತೆ, ಹಸಿ ಇದ್ದರೆ ಬೂಷ್ಟು. ಎರಡು ದಿನ ಬಿಸಿಲಿಗೆ ಹರವಿ ಜಾಡಿಸಿ ಹಾಕಿ. ಅಡಿಕೆ ಸಿಪ್ಪೆ ಒಳ್ಳೇದು, ಹಾರಲ್ಲ, ಕೊಳೆಯೋದೂ ನಿಧಾನ, ಆದರೆ ರಾತ್ರಿಯಿಡೀ ನೆನೆಸಿ ಹಾಕಬೇಕು, ಇಲ್ಲಾಂದ್ರೆ ಮೊದಲ ದಿನದ ನೀರೆಲ್ಲ ಅದೇ ಕುಡಿದುಬಿಡುತ್ತೆ. ಡ್ರಿಪ್ಪರ್ ಮುಚ್ಚಿಗೆಯ ಕೆಳಗಿರಲಿ, ಮೇಲಲ್ಲ.

ಮಾಳಿಗೆ ತೋಟ
ಬೆಂಡೆ, ಟೊಮೇಟೊ ಬಿಟ್ಟರೆ 14 ಬ್ಯಾಗ್. ಹೀರೆ, ಹಾಗಲವನ್ನೂ ಬಂದ ಮೇಲೇ ಬಿತ್ತಿದರೆ ಹತ್ತೇ ಉಳಿಯುತ್ತೆ! ಹಾಗಾದರೆ ಡ್ರಮ್ ಒಂದೇ ಸಾಕಾ? ಮನೆಯ ಓವರ್‌ಹೆಡ್ ಟ್ಯಾಂಕಿಗೇ ಪೈಪ್ ಕೊಟ್ಟರೆ ಡ್ರಮ್ ಕೂಡ ಬೇಡ ಅಲ್ವಾ?

ಹನಿಪೈಪು
10 ಬ್ಯಾಗಿಗೆ ಲೀಟರಿನಂತೆ 12 ದಿನಕ್ಕೆ 120 ಲೀಟರ್, ಕಾಲು ಭಾಗ ಸೇರಿಸಿ 150. ಒಂದು ಡ್ರಮ್ ಸಾಕು.

ಓವರ್‌ಹೆಡ್ ಟ್ಯಾಂಕ್ ಬೇಡ ಅನ್ನೋಕೆ ಕಾರಣ ಇದೆ. ಎಲ್ಲೋ ಒಂದು ಕನೆಕ್ಟರ್ ಕಿತ್ತು ಬಂದರೆ ಇಡೀ ಸಾವಿರ ಲೀಟರ್ ಒಂದೇ ರಾತ್ರಿ ಟೆರೇಸಿಗೆ ಹೋಗುತ್ತೆ, ಮೋಟಾರ್ ಹಾಕೋರು ಊರಲ್ಲಿಲ್ಲ. ಡ್ರಮ್ ಆದರೆ ನಷ್ಟ ಅಷ್ಟಕ್ಕೇ ನಿಲ್ಲುತ್ತೆ. ಆಟೋಮ್ಯಾಟಿಕ್ ಮೋಟಾರ್, ಸ್ಮಾರ್ಟ್ ಪ್ಲಗ್ ನಂಬಿ ಹೋಗೋದೂ ಬೇಡ. ಕರೆಂಟ್ ಹೋಗಿ ಬಂದಾಗ ಪ್ಲಗ್ ಯಾವ ಸ್ಥಿತಿಗೆ ಬರುತ್ತೆ ಅನ್ನೋದು ಒಂದೊಂದು ಕಂಪನಿದು ಒಂದೊಂದು ಥರ.

ಜೋಡಣೆ ಹೀಗೆ. ಡ್ರಮ್ಮಿಗೆ ಎರಡು ಅಡಿ ಎತ್ತರದ ಸಿಮೆಂಟ್ ಇಟ್ಟಿಗೆ ಕಟ್ಟೆ. ತಳದಿಂದ ಎರಡು ಇಂಚು ಮೇಲೆ ತೂತು ಕೊರೆದು ಟ್ಯಾಂಕ್ ನಿಪ್ಪಲ್ ಹಾಕಿ, ಆಗ ಕೆಳಗಿನ ಗಸಿ ಪೈಪಿಗೆ ಬರಲ್ಲ. ನಿಪ್ಪಲ್ಲಿಗೆ ಬಾಲ್ ವಾಲ್ವ್, ಅದರ ಮುಂದೆ ಮುಕ್ಕಾಲು ಇಂಚಿನ ಸ್ಕ್ರೀನ್ ಫಿಲ್ಟರ್ (120 ಮೆಶ್), ಆಮೇಲೆ ಟೈಮರ್, ಆಮೇಲೆ 16 ಮಿ.ಮೀ. ಕಪ್ಪು ಲ್ಯಾಟರಲ್ (ಬ್ಯಾಗುಗಳ ಸಾಲಿನುದ್ದ ಹೋಗೋ ಪೈಪು), ಕೊನೆಗೆ ಎಂಡ್ ಕ್ಯಾಪ್. ಲ್ಯಾಟರಲ್‌ನಿಂದ ಪ್ರತಿ ಬ್ಯಾಗಿಗೆ 4 ಮಿ.ಮೀ. ಮೈಕ್ರೋ ಟ್ಯೂಬ್, ತುದಿಗೆ ಡ್ರಿಪ್ಪರ್.

ಅಂಗಡಿಯಲ್ಲಿ ಕೈಕೊಡೋದು ಎರಡು ಕಡೆ.

ಒಂದು, ಡ್ರಿಪ್ಪರ್. ಪ್ರೆಷರ್ ಕಾಂಪೆನ್ಸೇಟಿಂಗ್ (ಒತ್ತಡ ಹೆಚ್ಚು ಕಡಿಮೆಯಾದರೂ ಒಂದೇ ಸಮ ಹನಿಸೋದು) ಅಂತ ದುಬಾರಿದು ಕೊಡ್ತಾರೆ. ಅದು ಹೊಲಕ್ಕೆ ಸರಿ. ನಿಮ್ಮ ಡ್ರಮ್ಮಿನ ಒತ್ತಡ ಒಂದು ಮೀಟರ್ ನೀರಿನಷ್ಟು, ಅಂದರೆ 0.1 ಬಾರ್. ಅಷ್ಟಕ್ಕೆ ಆ ಡ್ರಿಪ್ಪರ್ ಸರಿಯಾಗಿ ತೆರೆಯೋದೇ ಇಲ್ಲ. ಸಾದಾ, ಗಂಟೆಗೆ 8 ಲೀಟರಿನದು, ಬಿಚ್ಚಿ ತೊಳೆಯೋ ಥರದ್ದು ಕೇಳಿ. 8 ಲೀಟರ್ ಅನ್ನೋದು 1 ಬಾರ್‌ನಲ್ಲಿ. 0.1 ಬಾರ್‌ನಲ್ಲಿ ಗಂಟೆಗೆ ಸುಮಾರು ಎರಡೂವರೆ ಲೀಟರ್ ಬರುತ್ತೆ.

ಎರಡು, ಟೈಮರ್. ನಲ್ಲಿಗೆ ಹಾಕೋ ಬ್ಯಾಟರಿ ಟೈಮರಿನಲ್ಲಿ ಸೊಲೆನಾಯ್ಡ್ ಜಾತಿ ಬೇರೆ, ಬಾಲ್ ವಾಲ್ವ್ ಜಾತಿ ಬೇರೆ. ಸೊಲೆನಾಯ್ಡ್‌ಗೆ ತಳ್ಳೋ ಒತ್ತಡ ಬೇಕು, ಡ್ರಮ್ಮಿನ ನೀರಿಗೆ ತೆರೆದುಕೊಳ್ಳಲ್ಲ ಅಥವಾ ಪೂರ್ತಿ ಮುಚ್ಚಿಕೊಳ್ಳಲ್ಲ, ಹಾಗಾಗಿ ಬಾಲ್ ವಾಲ್ವಿನದೇ ಕೇಳಿ. ಬಾಕ್ಸ್ ಮೇಲೆ 0 ಬಾರ್‌ನಿಂದ ಕೆಲಸ ಮಾಡುತ್ತೆ ಅಂತ ಇದ್ದರೆ ಮಾತ್ರ ತಗೊಳ್ಳಿ. ಹೊರಡೋ ದಿನ ಹೊಸ ಆಲ್ಕಲೈನ್ ಸೆಲ್.

ಡ್ರಮ್ ಖಾಲಿಯಾಗ್ತಾ ಹೋದ ಹಾಗೆ ಒತ್ತಡ ಇಳಿಯುತ್ತೆ. ಮೊದಲ ದಿನ ಎರಡೂವರೆ ಲೀಟರ್ ಬಂದ ಡ್ರಿಪ್ಪರ್, ಡ್ರಮ್ ತಳ ಕಾಣೋ ಹೊತ್ತಿಗೆ ಗಂಟೆಗೆ ಒಂದೂಕಾಲಿಗೆ ಬಂದಿರುತ್ತೆ. ಅದಕ್ಕೇ ಒಂದು ಲೀಟರಿಗೆ 24 ನಿಮಿಷ ಸಾಕು ಅನ್ನೋ ಕಡೆ ದಿನಕ್ಕೆ 30 ಇಡಿ: ಬೆಳಿಗ್ಗೆ 5:30ಕ್ಕೆ 18, ಸಂಜೆ 7ಕ್ಕೆ 12. ಸಂಜೆ ಬೇಗ ಇಟ್ಟರೆ ಕಪ್ಪು ಪೈಪಿನಲ್ಲಿ ಕಾದ ನೀರು ಬೇರಿಗೆ ಹೋಗುತ್ತೆ. ಪೈಪನ್ನ ಬ್ಯಾಗುಗಳ ನೆರಳಿನ ಬದಿಗೆ ಎಳೆದುಕೊಳ್ಳಿ.

ಕೋಟೆ ಕೈತೋಟ (ಚಿತ್ರದುರ್ಗ)
ಹನಿಪೈಪು ಅವರ ಮಾತಿಗೆ ಒಂದು ಸೇರ್ಪಡೆ: ಡ್ರಮ್ಮಿನ ಮುಚ್ಚಳ ಬಿಗಿಯಾಗಿರಬೇಕು, ಆದರೆ ಗಾಳಿಗೆ ಒಂದು ಸಣ್ಣ ತೂತು ಬೇಕು. ಇಲ್ಲದಿದ್ದರೆ ಒಳಗೆ ಗಾಳಿ ಹೋಗದೆ ಹರಿವು ನಿಲ್ಲುತ್ತದೆ. ಆ ತೂತಿಗೆ ಸೊಳ್ಳೆ ಪರದೆಯ ಬಟ್ಟೆ ಕಟ್ಟಿ. ಡೆಂಗಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯುವವರೆಗೆ ಎಂಟು-ಹತ್ತು ದಿನ ಸಾಕು, ನೀವು ಹೋಗುವುದು 12 ದಿನ.

ನೆರಳುಬಲೆ
ಬತ್ತಿಗೆ ಯಾಕೆ ಎಲ್ಲರೂ ಮೈಲಿಗೆ ಮಾಡ್ತೀರಿ? ಬಕೆಟ್, ಹತ್ತಿ ಹಗ್ಗ, ಮುಗೀತು. ಟೈಮರೂ ಬೇಡ, ಫಿಲ್ಟರೂ ಬೇಡ.

ಹನಿಪೈಪು
ತುಳಸಿ, ಪುದೀನ, ಸಣ್ಣ ಕುಂಡಕ್ಕೆ ಬತ್ತಿ ಚೆನ್ನಾಗಿದೆ, ಒಪ್ಪಿದೆ. ಆದರೆ ಹತ್ತಿ ಹಗ್ಗ ನೀರನ್ನ ಮೇಲೆತ್ತೋದು ಒಂದು ಗೇಣಿನಷ್ಟು. ಬಕೆಟ್ಟಿನ ನೀರು ಅದಕ್ಕಿಂತ ಕೆಳಗೆ ಇಳಿದ ಕೂಡಲೇ ಬತ್ತಿ ಸುಮ್ಮನಾಗುತ್ತೆ, ಬಕೆಟ್ಟಿನಲ್ಲಿ ನೀರು ಇದ್ದೂ ಗಿಡ ಒಣಗುತ್ತೆ. ಬದನೆಗೆ ದಿನಕ್ಕೆ ಲೀಟರ್ ಸಾಗಿಸಬೇಕಾದರೆ ಒಂದು ಬ್ಯಾಗಿಗೆ ಮೂರು ನಾಲ್ಕು ದಪ್ಪ ಬತ್ತಿ ಬೇಕು. ಹಗ್ಗದ ಬಯಲಾದ ಭಾಗದಿಂದಲೇ ಅರ್ಧ ನೀರು ಆವಿಯಾಗುತ್ತೆ.

ನೆರಳುಬಲೆ
ಸರಿ, ತುಳಸಿಗೆ ಇಟ್ಟುಕೊಳ್ತೀನಿ. ಹಾಗಾದರೆ ನನ್ನ ಹೆಸರಿನ ವಿಷಯಕ್ಕೆ ಬರ್ತೀನಿ. ಶೇಡ್ ನೆಟ್ 50 ಪರ್ಸೆಂಟಿಂದು ತಗೊಳ್ಳಿ. 75 ಹಾಕಿದರೆ ಬದನೆ ಎಳಸಾಗಿ ಉದ್ದಕ್ಕೆ ಜಿಗಿಯುತ್ತೆ. ಏಳೆಂಟು ಅಡಿ ಎತ್ತರ ಇರಲಿ. ಪಡುವಣ ಬದಿಗೆ ಒಂದು ಪರದೆ ಇಳಿಬಿಡಿ, ಮೂರರಿಂದ ಐದರ ಬಿಸಿಲು ಓರೆಯಾಗಿ ಬ್ಯಾಗಿನ ಪಕ್ಕಕ್ಕೇ ಹೊಡೆಯೋದು.

ಬಿಗಿಯಾಗಿ ಕಟ್ಟಬೇಡಿ. ಏಪ್ರಿಲ್ ಮಧ್ಯದಿಂದ ಅಶ್ವಿನಿ, ಆಮೇಲೆ ಭರಣಿ. ಈ ಮಳೆಗಳು ಬಂದರೆ ಗಾಳಿಯನ್ನ ಮುಂದಿಟ್ಟುಕೊಂಡೇ ಬರೋದು, ಒಮ್ಮೊಮ್ಮೆ ಆಲಿಕಲ್ಲು ಬೇರೆ. ಬಿಗಿದ ನೆಟ್ ಹಾಯಿಪಟದ ಹಾಗೆ ಉಬ್ಬಿ ಕಂಬ ಸಮೇತ ಕೀಳುತ್ತೆ. ಸ್ವಲ್ಪ ಜೋಲು ಬಿಟ್ಟು, ಮೂರು ಮೂಲೆಗೆ ಕಬ್ಬಿಣದ ತಂತಿ, ನಾಲ್ಕನೇದಕ್ಕೆ ಸಾದಾ ಸುತಲಿ ದಾರ. ಜೋರು ಗಾಳಿಗೆ ಸುತಲಿ ಹರಿದು ನೆಟ್ ಒಂದು ಬದಿಗೆ ತೆರೆದುಕೊಳ್ಳುತ್ತೆ, ಕಂಬ ಉಳಿಯುತ್ತೆ. ಬಿಳಿ ಕೇಬಲ್ ಟೈ ಬಿಸಿಲಿಗೆ ಒಂದೇ ಬೇಸಿಗೆಯಲ್ಲಿ ಪುಡಿಯಾಗುತ್ತೆ, ಕಪ್ಪುದು ತಡೆಯುತ್ತೆ.

ಟೆರೇಸಿನ ತೂಬುಗಳನ್ನ ಹೊರಡೋ ದಿನ ಒಂದು ಸಲ ಗುಡಿಸಿ, ಬಾಯಿಗೆ ಜಾಲರಿ ಇಡಿ. ಸಿಪ್ಪೆ, ಎಲೆ ಕಟ್ಟಿಕೊಂಡು ಒಂದು ಮಳೆ ನೀರು ನಿಂತರೆ ಗಿಡಕ್ಕಿಂತ ಮನೆಗೇ ಖರ್ಚು.

ಬಯಲುಸೀಮೆ ಅಕ್ಕ
ಅಳಿಲು, ಕೋತಿ ಮರೆತಿರಿ. 4 ಮಿ.ಮೀ. ಟ್ಯೂಬಲ್ಲಿ ನೀರು ಇದೆ ಅಂತ ಅಳಿಲಿಗೆ ಗೊತ್ತಾದರೆ ಕಚ್ಚೇ ಕಚ್ಚುತ್ತೆ. ಟೆರೇಸಿನ ಇನ್ನೊಂದು ಮೂಲೆಗೆ ಅಗಲದ ಮಣ್ಣಿನ ತಟ್ಟೆ ಇಟ್ಟು ಅದಕ್ಕೂ ಒಂದು ಡ್ರಿಪ್ಪರ್ ಕೊಡಿ. ದಿನಕ್ಕೆ ಒಂದು ಲೀಟರ್ ಹೋದರೆ ಹೋಗಲಿ, 150ರಲ್ಲಿ ಅದಕ್ಕೂ ಜಾಗ ಇದೆ, ಹಕ್ಕಿಗೂ ಆಯಿತು. ದುರ್ಗದ ಕೋಟೆ ಬದಿಯ ಮನೆಗಳಿಗೆ ಕೋತಿ ಕಾಟಕ್ಕೆ ಇದು ಸಾಲಲ್ಲ. ಅಲ್ಲಿ ಟ್ಯೂಬನ್ನ ಮುಚ್ಚಿಗೆಯೊಳಗೆ ಹೂತು, ಕಾಯಿ ಒಂದೂ ಕಾಣದ ಹಾಗೆ ಬಿಡಿಸಿ ಹೋಗಬೇಕು.

ಎರೆಮಣ್ಣು (ಹರಿಹರ)
ಎಲ್ಲಾ ಜೋಡಿಸಿದ್ರಿ ಅಂತ ರೈಲು ಹತ್ತಬ್ಯಾಡ್ರಿ. ಹೊರಡೋಕೆ ಐದು ದಿನ ಮುಂಚೆ ಚಾಲೂ ಮಾಡಿ, ಮೂರು ದಿನ ಕೈ ಹಚ್ಚಬ್ಯಾಡ್ರಿ. ಮನೆಯಾಗ ಇದ್ದೂ ಇಲ್ಲದಂಗೆ. ಮೊದಲನೇ ಬ್ಯಾಗಿನ ಡ್ರಿಪ್ಪರಿಗೂ ಕೊನೇದಕ್ಕೂ ಒಂದೊಂದು ಬಾಟಲಿ ಇಟ್ಟು ಒಂದೇ ಸರದಿಯ ನೀರು ಹಿಡೀರಿ. ಕೊನೇದರಾಗ ಐದನೇ ಒಂದು ಭಾಗಕ್ಕಿಂತ ಹೆಚ್ಚು ಕಡಿಮೆ ಬಂದಿದ್ರೆ ಪೈಪ್ ಎಲ್ಲೋ ಮಡಚೈತಿ, ಇಲ್ಲಾ ಒಳಗೆ ಗಾಳಿ ಸಿಕ್ಕೈತಿ. ಎಂಡ್ ಕ್ಯಾಪ್ ತೆಗೆದು ಒಂದು ನಿಮಿಷ ನೀರು ಹರಿಯಬಿಡ್ರಿ, ಗಾಳಿ, ಕಸ ಎರಡೂ ಹೋಗ್ತಾವ.

ಗಡಸು ನೀರಿನಾಗ ಡ್ರಿಪ್ಪರಿನ ತುದಿಗೆ ಬಿಳಿ ಸುಣ್ಣ ಕಟ್ಟತದ, ಯಾಕಂದ್ರೆ ನೀರು ನಿಂತ ಮೇಲೆ ಕೊನೇ ಹನಿ ಅಲ್ಲೇ ಆರತದ. ಹಳೇ ಡ್ರಿಪ್ಪರ್ ಇದ್ರೆ ಬಿಚ್ಚಿ ರಾತ್ರಿ ಬಿಳಿ ವಿನೆಗರಿನಾಗ ನೆನೆಹಾಕಿ, ಬೆಳಿಗ್ಗೆ ಹಳೇ ಹಲ್ಲುಜ್ಜೋ ಬ್ರಶ್‌ನಿಂದ ತಿಕ್ಕಿರಿ.

ಶೇಂಗಾ ಸೀಮೆ (ಚಳ್ಳಕೆರೆ)
12 ದಿನ ಬೇಡ ಅನ್ನೋರಿಗೆ ಒಂದು ಮಾತು. ಕೆಮ್ಮಣ್ಣುಗುಂಡಿ, ಆಗುಂಬೆ ಕಡೆ ಮೂರ್ನಾಲ್ಕು ದಿನದ ತಿರುಗಾಟ ಆದರೆ ಇಷ್ಟೆಲ್ಲ ಬೇಕಿಲ್ಲ. ಬ್ಯಾಗ್ ಪೂರ್ತಿ ನೆನೆಸಿ, ಮುಚ್ಚಿಗೆ ಹಾಕಿ, ಎಲ್ಲವನ್ನೂ ನೆರಳಿನ ಗೋಡೆ ಬದಿಗೆ ಒತ್ತಿ ಜೋಡಿಸಿ ಹೊರಡಿ. ಒತ್ತಿ ಇಟ್ಟರೆ ಒಂದರ ನೆರಳು ಇನ್ನೊಂದಕ್ಕೆ. ಮೇ ತಿಂಗಳಲ್ಲಿ ಜೋಗ ಮಾತ್ರ ನೋಡೋಕೆ ಹೋಗಬೇಡಿ, ಬಂಡೆ ನೋಡಿ ಬರಬೇಕಾಗುತ್ತೆ.

ಮಾಳಿಗೆ ತೋಟ
ಬೆಂಡೆ ಬೀಜ ಇವತ್ತೇ ನೆನೆಹಾಕ್ತಿದೀನಿ. ಹೀರೆ, ಹಾಗಲ ಬಂದ ಮೇಲೆ. ಎರಡು ಪ್ರಶ್ನೆ ಉಳಿದವು. ವಾಪಸ್ ಬಂದ ದಿನ ಮೊದಲು ಏನು ಮಾಡಬೇಕು? ಲ್ಯಾಟರಲ್ ಪೈಪಿಗೆ ತೂತು ಎಷ್ಟು ದೊಡ್ಡದು ಹೊಡೀಬೇಕು? ಮನೆಯಲ್ಲಿ ಮೊಳೆ ಇದೆ, ಅದನ್ನೇ ಕಾಯಿಸಿ ಹೊಡೀಬಹುದಾ?

ಕೋಟೆ ಕೈತೋಟ (ಚಿತ್ರದುರ್ಗ)
ಬಂದ ದಿನ ಗೊಬ್ಬರ ಹಾಕಲು ಹೋಗಬೇಡಿ. 12 ದಿನ ಸ್ವಲ್ಪ ಸ್ವಲ್ಪವೇ ಕುಡಿದ ಬ್ಯಾಗಿನಲ್ಲಿ ಬೋರ್ ನೀರಿನ ಉಪ್ಪು ಮೇಲ್ಪದರದಲ್ಲಿ ಕೂತಿರುತ್ತದೆ. ಮುಚ್ಚಿಗೆ ಸರಿಸಿದರೆ ಬಿಳಿ ಪುಡಿಯಂತೆ ಕಾಣುತ್ತದೆ. ಮೇಲಿನ ಅರ್ಧ ಇಂಚು ಕೆರೆದು ತೆಗೆದು, ಪ್ರತಿ ಬ್ಯಾಗಿಗೆ ಐದಾರು ಲೀಟರ್ ನಿಧಾನಕ್ಕೆ ಕೊಟ್ಟು ತಳದಿಂದ ಹರಿದುಹೋಗಲು ಬಿಡಿ. ಭರಣಿ ಮಳೆಯ ನೀರು ಬಕೆಟ್ಟಿನಲ್ಲಿ ಹಿಡಿಯಲು ಸಿಕ್ಕಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಮೂರು ದಿನ ಬಿಟ್ಟು, ಚಿಗುರು ನೆಟ್ಟಗಾದ ಮೇಲೆ ಜೀವಾಮೃತ ಅಥವಾ ಒಂದು ಹಿಡಿ ಎರೆಗೊಬ್ಬರ. ಹುಳು ಹಿಡಿದ ಗಿಡವಿದ್ದರೆ ಮೊದಲು ಬೇರೆ ಕಡೆ ಇಡಿ, ನೀರು ಆಮೇಲೆ.

ಹನಿಪೈಪು
ಕಾದ ಮೊಳೆ ಬೇಡ. ತೂತಿನ ಅಂಚು ಕರಗಿ ವಕ್ರವಾಗುತ್ತೆ, ಕನೆಕ್ಟರ್ ಕೂತಲ್ಲೇ ಸೋರುತ್ತೆ. ಡ್ರಿಪ್ ಸಾಮಾನಿನ ಅಂಗಡಿಯಲ್ಲಿ ಪಂಚ್ ಅಂತ ಕೇಳಿ, ಮೈಕ್ರೋ ಟ್ಯೂಬಿನ ಪಿನ್ ಕನೆಕ್ಟರ್ ಒಂದನ್ನ ಜೊತೆಗೆ ಒಯ್ದು ಅಳತೆ ಹೊಂದಿಸಿ ತನ್ನಿ. ಪೈಪನ್ನ ಹತ್ತು ನಿಮಿಷ ಬಿಸಿಲಿಗೆ ಹಾಕಿದರೆ ಮೆತ್ತಗಾಗುತ್ತೆ, ತೂತು ಸಲೀಸು. ತಪ್ಪಿ ಹೊಡೆದ ತೂತಿಗೆ ಗೂಫ್ ಪ್ಲಗ್ ಸಿಗುತ್ತೆ, ಐದಾರು ಜೊತೆಗೇ ತಂದಿಟ್ಟುಕೊಳ್ಳಿ.